ಮೂರನೇ ಪ್ರಶ್ನೆ

ಕ್ರಿಸ್ಮಸ್ ಕಳೆದ ಮೇಲಿನ ಭಾನುವಾರ ಯೇಸು, ಮರಿಯ, ಜೋಸೆಫರನ್ನು ನೆನೆಯುವ ಪವಿತ್ರ ಕುಟುಂಬದ ಹಬ್ಬ. ಅವತ್ತು ಬಲಿಪೂಜೆಯಲ್ಲಿ, ಅಂದರೆ ಮಾಸ್‌ನಲ್ಲಿ, ಗಂಡ ಹೆಂಡತಿಯರು ಎದ್ದು ನಿಂತು, ಮದುವೆಯ ದಿನ ಕೊಟ್ಟ ಮಾತನ್ನು ಮತ್ತೆ ಹೇಳುವುದು ಅನೇಕ ಕಥೋಲಿಕ ಚರ್ಚುಗಳಲ್ಲಿ ಉಂಟು. ನಾವಿಬ್ಬರೂ ಪ್ರತಿ ವರ್ಷ ಎದ್ದು ನಿಲ್ಲುತ್ತೇವೆ. ನಮಗೆ ಮಕ್ಕಳಿಲ್ಲ.

ಮದುವೆಯಲ್ಲಿ ಒಪ್ಪಿಗೆಯ ಮಾತಿಗೆ ಮೊದಲು ಗುರುಗಳು ಮೂರು ವಿಷಯ ಕೇಳುತ್ತಾರೆ. ಯಾರ ಬಲವಂತವೂ ಇಲ್ಲದೆ ಬಂದಿದ್ದೀರಾ? ಬದುಕಿರುವಷ್ಟು ಕಾಲ ಒಬ್ಬರನ್ನೊಬ್ಬರು ಪ್ರೀತಿಸಿ ಗೌರವಿಸುತ್ತೀರಾ? ದೇವರು ಕೊಡುವ ಮಕ್ಕಳನ್ನು ಪ್ರೀತಿಯಿಂದ ಸ್ವೀಕರಿಸಿ, ಕ್ರಿಸ್ತನ ದಾರಿಯಲ್ಲಿ ಬೆಳೆಸುತ್ತೀರಾ? ಮೂರಕ್ಕೂ ಹೌದು ಅಂದಿದ್ದೆವು. ಮೂರನೆಯದಕ್ಕೆ ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು.

ವರ್ಷಗಳು ಹೋದವು. ಮಗು ಆಗಲಿಲ್ಲ. "ಮದುವೆ ಆಗೋದೇ ಮಕ್ಕಳಿಗಾಗಿ ಅಲ್ವಾ?" ಎಂದು ಒಬ್ಬರು ಸುಮ್ನೆ ಕೇಳಿದರು. ಅವರಿಗೆ ಅದು ಮರೆತೇ ಹೋಗಿರಬಹುದು. ನಾನು ಜಪಸರ ಹಿಡಿದು ಕೂತಾಗಲೂ ಆ ಮಾತು ಪಕ್ಕದಲ್ಲಿ ಬಂದು ಕೂರುತ್ತಿತ್ತು.

ಹಾಗಾಗಿ ನಮ್ಮ ಕಥೋಲಿಕ ಧರ್ಮಸಭೆ ನಿಜಕ್ಕೂ ಏನು ಹೇಳುತ್ತದೆ ಎಂದು ಓದತೊಡಗಿದೆ. ಮದುವೆಯಲ್ಲಿ ಮೂರು ಒಳಿತುಗಳಿವೆ ಎಂದರು ಸಂತ ಅಗಸ್ಟೀನ್: ಮಕ್ಕಳು, ನಿಷ್ಠೆ, ಮುರಿಯದ ಪವಿತ್ರ ಬಂಧ. 1917ರ ಧರ್ಮಸಭೆಯ ಕಾನೂನಿನಲ್ಲಿ ಮಕ್ಕಳನ್ನು ಹೆತ್ತು ಬೆಳೆಸುವುದೇ ಮೊದಲ ಉದ್ದೇಶ, ಪರಸ್ಪರ ಆಸರೆ ಅದರ ನಂತರದ್ದು. ಅದನ್ನು ಓದಿದ ದಿನ ಮನಸ್ಸು ಕುಗ್ಗಿತು. ಆದರೆ ಓದುವುದನ್ನು ಅಲ್ಲಿಗೇ ನಿಲ್ಲಿಸಲಿಲ್ಲ, ಅದು ದೇವರ ಕೃಪೆ. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ಅಂದರೆ ಜಗತ್ತಿನ ಕಥೋಲಿಕ ಬಿಷಪರೆಲ್ಲ ಸೇರಿದ ಸಭೆ, ಸ್ಪಷ್ಟವಾಗಿ ಹೇಳಿತು. ಮದುವೆ ಇರುವುದು ಮಕ್ಕಳಿಗಾಗಿ ಮಾತ್ರ ಅಲ್ಲ. ಎಷ್ಟು ಹಂಬಲಿಸಿದರೂ ಮಗು ಆಗದಿದ್ದಾಗ ಕೂಡ ಅದು ಇಡೀ ಬದುಕಿನ ಒಡನಾಟವಾಗಿಯೇ ಉಳಿಯುತ್ತದೆ, ಅದರ ಬೆಲೆ ಕಮ್ಮಿಯಾಗುವುದಿಲ್ಲ. ಈ ಸಾಲುಗಳನ್ನು ಇವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಇವರು ಇನ್ನೊಮ್ಮೆ ಓದು ಅಂದರು.

1983ರ ಕಾನೂನು ದಂಪತಿಗಳ ಒಳಿತನ್ನೂ ಮಕ್ಕಳ ಹುಟ್ಟು, ಪಾಲನೆಯನ್ನೂ ಒಟ್ಟಿಗೇ ಹೇಳುತ್ತದೆ. ಮೊದಲನೆಯದು, ಎರಡನೆಯದು ಎಂಬ ಎಣಿಕೆ ಅಲ್ಲಿಲ್ಲ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಲ್ಲೂ ಹೀಗೇ ಅಲ್ವಾ? ಒಂದನೇ ಅಧ್ಯಾಯದಲ್ಲಿ ಸಂತಾನ ಬೆಳೆಯಲಿ ಎಂಬ ಆಶೀರ್ವಾದ. ಎರಡನೆಯದರಲ್ಲಿ ಮನುಷ್ಯ ಒಂಟಿಯಾಗಿರುವುದು ಒಳ್ಳೆಯದಲ್ಲ ಎಂಬ ಮಾತು.

ಮಕ್ಕಳು ಬೇಡ ಎಂದು ಇದರ ಅರ್ಥವಲ್ಲ. ಇಬ್ಬರನ್ನು ಒಂದಾಗಿಸುವುದು, ಹೊಸ ಜೀವಕ್ಕೆ ತೆರೆದಿರುವುದು, ಇವೆರಡನ್ನೂ ಬೇರೆ ಮಾಡಬಾರದು ಎಂದು 1968ರಲ್ಲಿ ಜಗದ್ಗುರು (ಪೋಪ್) ಆರನೇ ಪೌಲರು ಬರೆದರು. ಇದು ಕಷ್ಟದ ಬೋಧನೆ ಎನ್ನುವವರು ಜಾಸ್ತಿ. ನನಗೆ ಮಾತ್ರ ಇದರಿಂದಲೇ ನೆಮ್ಮದಿ ಸಿಕ್ಕಿತು. ಯಾಕೆಂದರೆ ಆ ಮೂರನೇ ಪ್ರಶ್ನೆ ಮಕ್ಕಳನ್ನು ಹೆರುತ್ತೀರಾ ಎಂದು ಕೇಳುವುದಿಲ್ಲ. ಕೊಟ್ಟರೆ ಸ್ವೀಕರಿಸುತ್ತೀರಾ ಎನ್ನುತ್ತದೆ. ನಾವು ಹೌದು ಅಂದೆವು, ಆ ಹೌದು ಇವತ್ತಿಗೂ ಹಾಗೇ ಇದೆ. ವಯಸ್ಸಾದ ಮೇಲೆ ಮದುವೆಯಾಗುವವರಿಗೆ ಆ ಪ್ರಶ್ನೆಯನ್ನು ಬಿಡಲೂಬಹುದು. ಅವರದ್ದೂ ಪೂರ್ತಿ ಮದುವೆಯೇ, ಪೂರ್ತಿ ಸಂಸ್ಕಾರವೇ.

ಕಳೆದ ಹಬ್ಬದ ಹೊತ್ತಿಗೆ ಇವರಿಗೆ ಮೊಣಕಾಲು ನೋವು. ಎದ್ದು ನಿಲ್ಲುವಾಗ ನನ್ನ ಭುಜ ಹಿಡಿದುಕೊಂಡರು. "ಆರೋಗ್ಯದಲ್ಲೂ ಅನಾರೋಗ್ಯದಲ್ಲೂ" ಎಂದು ಹೇಳಿ ಮುಗಿದ ಮೇಲೂ ಕೈ ತೆಗೆಯಲಿಲ್ಲ.