ಮೊದಲು ಕಾಲು ಬಿಚ್ಚಿಸಿ ನೋಡಿ

ಬಾಗಲಕೋಟೆಯಲ್ಲಿ ಕೃತಕ ಕಾಲು, ಕ್ಯಾಲಿಪರ್ (ಬಲವಿಲ್ಲದ ಕಾಲಿಗೆ ಕಟ್ಟುವ ಆಧಾರದ ಪಟ್ಟಿ) ಮಾಡಿಕೊಡುವ ವಿಭಾಗದ ಮೇಲ್ವಿಚಾರಣೆ ನನ್ನ ಕೆಲಸ. ಅಳತೆ ತೆಗೆಯುವುದು, ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅಚ್ಚು ಹಾಕುವುದು, ಪ್ಲಾಸ್ಟಿಕ್ ಶೀಟು ಕಾಯಿಸಿ ಎಳೆಯುವುದು ಎಲ್ಲ ಹುಡುಗರೇ ಮಾಡುತ್ತಾರೆ. ಅವರಲ್ಲಿ ಕೆಲವರು ಬಿಪಿಒ, ಅಂದರೆ ಕೃತಕ ಅಂಗ ಮಾಡುವ ಡಿಗ್ರಿ, ಓದಿ ಬಂದವರು, ಕೆಲವರು ಕೈಕೆಲಸದಿಂದಲೇ ಕಲಿತ ಟೆಕ್ನಿಷಿಯನ್‌ಗಳು. ಪೇಷಂಟ್ ಮನೆಗೆ ಹೋಗುವ ಮೊದಲು ನನ್ನ ಸಹಿ ಬೀಳಬೇಕು. ಹೊಸದಾಗಿ ಸೇರಿದವರು ಸಹಿಗೆ ಕರೆದಾಗ ಪೇಷಂಟ್‌ನನ್ನು ಪ್ಯಾರಲಲ್ ಬಾರ್ ನಡುವೆ ನಡೆಸಿ ತೋರಿಸುತ್ತಾರೆ. ನಡಿಗೆ ನೋಡಿ ಮುಗಿಸಿ, "ಈಗ ಕಾಲು ಬಿಚ್ಚಿಸು" ಅನ್ನುತ್ತೇನೆ. ಹುಡುಗರ ಮುಖ ಸಪ್ಪಗಾಗುತ್ತದೆ. ಈಗ ತಾನೆ ಕಷ್ಟಪಟ್ಟು ಹಾಕಿಸಿದ್ದಾರೆ, ಅಲ್ವಾ?

ಯಾಕೆ ಬಿಚ್ಚಿಸಬೇಕು ಅಂದರೆ, ನಮ್ಮ ಕಡೆಯ ಜನರ ಬಾಯಲ್ಲಿ ದೂರು ಬರುವುದೇ ಇಲ್ಲ. "ಹೆಂಗೈತ್ರಿ ಕಾಕಾ?" ಅಂದರೆ "ಛಲೋ ಐತ್ರೀ ಸರ". ಪುಕ್ಕಟೆ ಸಿಕ್ಕ ಕಾಲಿಗೆ ಹೆಸರಿಡಬಾರದು ಅನ್ನುವ ಸಂಕೋಚ ಒಂದು ಕಡೆ. ಜಮಖಂಡಿ ಆಚೆಯ ಹಳ್ಳಿಯಿಂದ ಬಸ್ ಬದಲಿಸಿ ಬಂದಿರುತ್ತಾರೆ, ನೋವು ಅಂದರೆ ನಾಳೆ ಮತ್ತೆ ಬಾ ಅಂದಾರು, ಕೂಲಿ ಹೋದೀತು ಅನ್ನುವ ಲೆಕ್ಕ ಇನ್ನೊಂದು ಕಡೆ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರಿಗಂತೂ ಚರ್ಮದಲ್ಲಿ ಸ್ಪರ್ಶವೇ ಕಡಿಮೆ. ಅವರು ಸುಳ್ಳು ಹೇಳುವುದಿಲ್ಲ, ನಿಜವಾಗಿಯೂ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ನಾವು ಚರ್ಮವನ್ನೇ ಕೇಳಬೇಕು.

ಮೊಣಕಾಲಿನ ಕೆಳಗೆ ಕಾಲು ಹೋದವರ ಲೆಕ್ಕ ಹೀಗಿರುತ್ತದೆ. ಉಳಿದ ಕಾಲಿಗೆ ನಾವು ಸ್ಟಂಪ್ ಅನ್ನುತ್ತೇವೆ. ಅದು ಕೂರುವ ಬಟ್ಟಲು ಸಾಕೆಟ್. ಮೈಭಾರವನ್ನು ಮಂಡಿಚಿಪ್ಪಿನ ಕೆಳಗಿನ ಗಟ್ಟಿ ಸ್ನಾಯುರಜ್ಜು (ಟೆಂಡನ್), ಮೊಣಕಾಲಿನ ಕೆಳಗಿನ ದೊಡ್ಡ ಎಲುಬಿನ ಒಳಬದಿಯ ಅಗಲ ಭಾಗ ಹೊರಬೇಕು. ಎಲುಬಿನ ಮುಂದಿನ ಏಣು, ಹೊರಬದಿಯ ಸಣ್ಣ ಎಲುಬಿನ ಗಂಟು, ಸ್ಟಂಪಿನ ತುದಿ, ಈ ಮೂರರ ಮೇಲೆ ಒತ್ತಡ ಬೀಳಬಾರದು. ಸ್ವಲ್ಪ ಹೊತ್ತು ನಡೆಸಿ ಬಿಚ್ಚಿದಾಗ ಭಾರ ಹೊರುವ ಜಾಗ ಕೆಂಪಾಗಿದ್ದರೆ ಹೆದರಬೇಕಿಲ್ಲ. ಬೆರಳಿಂದ ಒತ್ತಿದರೆ ಬೆಳ್ಳಗಾಗಿ, ಹತ್ತು ನಿಮಿಷದಲ್ಲಿ ಬಣ್ಣ ಇಳಿಯಬೇಕು. ಇಳಿಯದಿದ್ದರೆ, ಅಥವಾ ಗಂಟಿನ ಮೇಲೆ ಕೆಂಪು ಕೂತಿದ್ದರೆ, ಸಾಕೆಟ್ ವಾಪಸ್ ಬೆಂಚಿಗೆ. ನಮ್ಮವರ ಕಪ್ಪು ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಅಂಗೈ ಹಿಂಭಾಗ ಇಟ್ಟು ಬಿಸಿ ನೋಡಿ, ಬೆರಳಾಡಿಸಿ ಗಟ್ಟಿಯಾಗಿದೆಯಾ ನೋಡಿ. ಪುಸ್ತಕದ ಚಿತ್ರ ನೋಡಿ ಬಂದವರಿಗೆ ಇದನ್ನು ಕಲಿಸಲು ಸಮಯ ಹಿಡಿಯುತ್ತದೆ.

ನಮ್ಮ ಡ್ರಾಯರಿನಲ್ಲಿ ಒಂದು ಅಗ್ಗದ ಲಿಪ್‌ಸ್ಟಿಕ್ ಯಾವಾಗಲೂ ಇರುತ್ತದೆ. ಹೊಸಬರು ನಗುತ್ತಾರೆ. ಒತ್ತುವ ಜಾಗಕ್ಕೆ ಅದನ್ನು ಹಚ್ಚಿ ಕಾಲು ಹಾಕಿಸಿದರೆ ಸಾಕೆಟಿನ ಒಳಗೆ ಎಲ್ಲಿ ತಿಕ್ಕುತ್ತಿದೆಯೋ ಅಲ್ಲಿ ಬಣ್ಣ ಅಂಟುತ್ತದೆ. ಆ ಗುರುತಿನಷ್ಟೇ ಉಜ್ಜಬೇಕು. ಅಂದಾಜಿನಲ್ಲಿ ಗ್ರೈಂಡರ್ ಹಿಡಿದರೆ ಬೇಕಾದ ಜಾಗವೂ ಸವೆದು ಹೋಗುತ್ತದೆ. ತುದಿ ತಳಕ್ಕೆ ತಾಗುತ್ತಿದೆಯಾ ಅನ್ನುವುದಕ್ಕೆ ಒಂದು ಸಣ್ಣ ಜೇಡಿಮಣ್ಣಿನ ಉಂಡೆ ಸಾಕು. ಒಳಗೆ ಹಾಕಿ ನಿಲ್ಲಿಸಿ, ತೆಗೆದು ನೋಡಿದರೆ ಎಷ್ಟು ಚಪ್ಪಟೆಯಾಗಿದೆ ಎಂದು ತಿಳಿಯುತ್ತದೆ.

ಮುಧೋಳ ಕಡೆಯ ಒಬ್ಬ ರೈತರು ಫಾಲೋಅಪ್‌ಗೆ ಬಂದಿದ್ದರು. ಕಬ್ಬಿನ ಟ್ರ್ಯಾಕ್ಟರ್ ಟ್ರೇಲರ್ ಕೆಳಗೆ ಸಿಕ್ಕಿ ಕಾಲು ಹೋಗಿತ್ತು. ಮಾಮೂಲಿ ಉತ್ತರ: ಛಲೋ ಐತಿ. ಆದರೆ ಸ್ವಲ್ಪ ವಾಲಿ ನಡೆಯುತ್ತಿದ್ದರು. ನಮ್ಮ ಹುಡುಗ ಟೇಪ್ ಹಿಡಿದು, ಕಾಲು ಗಿಡ್ಡ ಆಗಿದೆ, ಸಾಕೆಟ್ ಕೆಳಗಿನ ಪೈಪ್ ಬದಲಿಸಿ ಉದ್ದ ಮಾಡೋಣ ಅಂದ. ಬಿಚ್ಚಿಸಿದೆವು. ಸಾಕೆಟ್ ಒಳಗಿಂದ ಇಳಕಲ್ ಸೀರೆಯ ತುಂಡೊಂದು ನಾಲ್ಕು ಮಡಿಕೆಯಾಗಿ ಹೊರಬಂತು. ಕೆಂಪು ದಡಿಯ ಕಡೆ ಬೆವರಿನ ಕಲೆ, ಒಂದು ಮೂಲೆಯಲ್ಲಿ ಒಣಗಿದ ರಕ್ತ. "ಸಂಜಿಮುಂದ ಸಡ್ಲ ಆಕ್ಕೈತ್ರಿ, ನಮ್ಮಾಕಿ ಹಾಕಿ ಕೊಡ್ತಾಳ" ಅಂದರು. ಕಾಲು ಗಿಡ್ಡ ಆಗಿರಲಿಲ್ಲ. ಸ್ಟಂಪ್ ಸೊರಗಿ ಸಾಕೆಟಿನ ಆಳಕ್ಕೆ ಇಳಿಯುತ್ತಿತ್ತು, ಮುಂದಿನ ಏಣಿನ ತುದಿ ಅಂಚಿಗೆ ಬಡಿಯುತ್ತಿತ್ತು. ಪೈಪ್ ಉದ್ದ ಮಾಡಿದ್ದರೆ ಅಳತೆ ಸರಿಯಾಗುತ್ತಿತ್ತು, ಗಾಯ ದೊಡ್ಡದಾಗುತ್ತಿತ್ತು. ಗಾಯ ಆರುವವರೆಗೆ ಕಾಲು ಹಾಕುವಂತಿಲ್ಲ ಅಂದೆವು. ಆಮೇಲೆ ಸ್ಟಂಪ್ ಸಾಕ್ಸ್ ಜಾಸ್ತಿ ಮಾಡಿದೆವು. ಬೆಳಿಗ್ಗೆ ಒಂದು, ಸಡಿಲ ಅನಿಸಿದಾಗ ಇನ್ನೊಂದು ಅಂತ ಆ ಅಕ್ಕನಿಗೇ ಹೇಳಿಕೊಟ್ಟೆವು. ಆಕೆಯ ಅಂದಾಜು ಸರಿಯಾಗಿಯೇ ಇತ್ತು, ಬಟ್ಟೆ ಮಾತ್ರ ಮಡಿಕೆ ಬೀಳುವಂಥದ್ದು.

ಆಪರೇಷನ್ ಆದ ಮೊದಲ ವರ್ಷ ಸ್ಟಂಪ್ ಸೊರಗುವುದು ಸಹಜ. ಇಲ್ಲೇ ನನಗೂ ಕೃತಕ ಕಾಲು ಹಂಚುವ ಕ್ಯಾಂಪ್ ನಡೆಸುವವರಿಗೂ ಕೂಡಿಬರುವುದಿಲ್ಲ. ಹೊಲಿಗೆ ಬಿಚ್ಚಿದ ಕೂಡಲೇ ಅಳತೆ ತೆಗೆದು ಕಾಲು ಕೊಟ್ಟು ಫೋಟೊ ತೆಗೆಸಿಕೊಳ್ಳುವ ಆತುರ ಕೆಲವರಿಗೆ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಒಮ್ಮೆ ಸಾಧನ ಪಡೆದ ದೊಡ್ಡವರು ಸಾಮಾನ್ಯವಾಗಿ 3 ವರ್ಷ ಕಾಯಬೇಕು. ಸ್ಟಂಪ್ ಕೆಲವೇ ತಿಂಗಳಲ್ಲಿ ಬದಲಾಗುತ್ತದೆ, ಯೋಜನೆ ವರ್ಷಗಳಲ್ಲಿ ಎಣಿಸುತ್ತದೆ. ಅದಕ್ಕೇ ಮೊದಲು ಕ್ರೇಪ್ ಬ್ಯಾಂಡೇಜ್ ಕಟ್ಟುವುದನ್ನು ಮನೆಯವರಿಗೆ ಕಲಿಸಿ, ಬಾವು ಇಳಿದು ಸುತ್ತಳತೆ ಒಂದು ಹದಕ್ಕೆ ನಿಂತ ಮೇಲೆ ಅಚ್ಚು ತೆಗೆಯಿರಿ ಅನ್ನುತ್ತೇನೆ. ಮಂಡಿ ಕೆಳಗೆ ದಿಂಬು ಇಡಬೇಡಿ ಅನ್ನುವುದನ್ನೂ ಆಗಲೇ ಹೇಳಬೇಕು. ಆರಾಮ ಅನಿಸುತ್ತದೆ, ಆದರೆ ಮಂಡಿ ಬಾಗಿದಂತೆಯೇ ಸೆಟೆದುಕೊಂಡರೆ ಎಂಥ ಒಳ್ಳೆಯ ಕಾಲೂ ಕೂರುವುದಿಲ್ಲ.

ಕ್ಯಾಲಿಪರ್ ಕಥೆ ಬೇರೆ. ಭಾರತದಲ್ಲಿ ಕೊನೆಯ ಪೋಲಿಯೊ ಪ್ರಕರಣ ಕಂಡಿದ್ದು 2011ರ ಜನವರಿಯಲ್ಲಿ. 2014ರಲ್ಲಿ ಪೋಲಿಯೊಮುಕ್ತ ಅಂತ ಘೋಷಣೆಯಾಯಿತು. ಈಗ ಕಲಿಯುವ ಹುಡುಗರು ಹೊಸ ಪೋಲಿಯೊ ಮಗುವನ್ನು ನೋಡಿಯೇ ಇಲ್ಲ. ಆದರೆ ನಲವತ್ತು ಐವತ್ತು ದಾಟಿದ ಹಳೆಯ ಪೇಷಂಟ್‌ಗಳು ಹರಿದ ಬೂಟು, ಸವೆದ ಲಾಕ್ ಹಿಡಿದು ಬರುತ್ತಲೇ ಇದ್ದಾರೆ. ಅವರಲ್ಲಿ ಕೆಲವರ ಹಿಮ್ಮಡಿ ನೆಲಕ್ಕೆ ತಾಗದೆ ಪಾದ ಮುಂದಕ್ಕೆ ಇಳಿದಿರುತ್ತದೆ. ಹೊಸಬರು ತಕ್ಷಣ ಅದನ್ನು ನೇರ ಮಾಡಲು ಹೊರಡುತ್ತಾರೆ. ತಡೆಯಬೇಕು. ತೊಡೆಯ ಶಕ್ತಿ ಇಲ್ಲದ ಕಾಲಿನಲ್ಲಿ ಆ ಇಳಿದ ಪಾದವೇ ಮಂಡಿಯನ್ನು ಹಿಂದಕ್ಕೆ ಒತ್ತಿ ನಿಲ್ಲಿಸಿರುತ್ತದೆ. ಪೂರ್ತಿ ನೇರ ಮಾಡಿದರೆ ಮಂಡಿ ಕುಸಿಯುತ್ತದೆ. ಅವರು ಆ ಕಾಲಿನ ಜೊತೆ ಬದುಕಿದ್ದು ನಮ್ಮ ಸರ್ವೀಸಿಗಿಂತ ಜಾಸ್ತಿ. ಹಳೆಯ ಕ್ಯಾಲಿಪರ್ ಎಲ್ಲಿ ಸವೆದಿದೆ ಅಂತ ನೋಡದೆ ಹೊಸದರ ಅಳತೆ ತೆಗೆಯಬೇಡಿ.

ಕ್ಲಬ್ ಫುಟ್, ಅಂದರೆ ಹುಟ್ಟಿನಿಂದಲೇ ಪಾದ ಒಳಕ್ಕೆ ತಿರುಗಿದ ಮಕ್ಕಳಲ್ಲಿ ಪರೀಕ್ಷೆ ಬೂಟಿನ ಪಟ್ಟಿಗೆ. ಪಾನ್ಸೆಟಿ ಪದ್ಧತಿಯಲ್ಲಿ ವಾರವಾರ ಪ್ಲಾಸ್ಟರ್ ಹಾಕಿ ಪಾದ ತಿರುಗಿಸಿದ ಮೇಲೆ, ನಡುವೆ ಬಾರ್ ಜೋಡಿಸಿದ ಬೂಟುಗಳನ್ನು ಮೊದಲ 3 ತಿಂಗಳು ದಿನಕ್ಕೆ 23 ಗಂಟೆ ಹಾಕಬೇಕು, ಆಮೇಲೆ ಸುಮಾರು 4 ವರ್ಷದವರೆಗೆ ಮಲಗುವಾಗ. "ದಿನಾ ಹಾಕ್ತೀವ್ರಿ" ಅನ್ನುತ್ತಾರೆ. ಪಟ್ಟಿ ಹೊಸದರಂತೆ ಬಿಗಿಯಾಗಿದ್ದು, ತೂತಿನ ಗುರುತು ಕೂಡ ಬಿದ್ದಿಲ್ಲ ಅಂದರೆ ಆಯಿ ಮೊಮ್ಮಗುವಿನ ಅಳು ತಡೆಯದೆ ಬಿಚ್ಚಿಟ್ಟಿದ್ದಾಳೆ ಅಂತಲೇ ಅರ್ಥ. ಬೈದರೆ ಮುಂದಿನ ಸಲ ಬರುವುದಿಲ್ಲ. ಆಯಿಯ ಕೈಯಿಂದಲೇ ಹಾಕಿಸಿ, ಹಿಮ್ಮಡಿ ಪೂರ್ತಿ ಕೂತಿದೆಯಾ ಅಂತ ಆಕೆಗೇ ನೋಡಲು ಹೇಳುತ್ತೇವೆ. ಹೆಚ್ಚು ಸಲ ಅಳುವಿಗೆ ಕಾರಣ ಅಲ್ಲೇ ಇರುತ್ತದೆ, ಹಿಮ್ಮಡಿ ಮೇಲೆದ್ದು ಉಜ್ಜುತ್ತಿರುತ್ತದೆ.

ಇನ್ನು, ಎಲ್ಲರೂ ಮರೆಯುವುದು ಉಳಿದ ಇನ್ನೊಂದು ಕಾಲು. ಸಕ್ಕರೆ ಕಾಯಿಲೆಯವರಲ್ಲಿ ಭಾರ ಅದರ ಮೇಲೆ ಬಿದ್ದು ಅದಕ್ಕೂ ಹುಣ್ಣಾಗುತ್ತದೆ. ಕೃತಕ ಕಾಲಿನ ಫಾರ್ಮಿನಲ್ಲಿ ಅದಕ್ಕೆ ಜಾಗ ಇರಲಿಲ್ಲ. ನಾವು ಕೆಳಗೆ ಒಂದು ಸಾಲು ಸೇರಿಸಿ, ಅಂಗಾಲು ನೋಡಿದವರ ಸಹಿ ಕಡ್ಡಾಯ ಮಾಡಿದೆವು. ಯುಗಾದಿಗೆ ಮುಂಚೆ ಈ ಕೆಲಸ ಇನ್ನೂ ಬಿಗಿ. ನಮ್ಮ ಕಡೆಯ ಜಿಲ್ಲೆಗಳಿಂದ ಜನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ, ಬಹಳ ಜನ ಬರಿಗಾಲಲ್ಲಿ, ಸುಡುವ ಟಾರು ರಸ್ತೆ ಮೇಲೆ. ಹೋಗಬೇಡಿ ಅಂದರೆ "ಮಲ್ಲಯ್ಯ ನೋಡ್ಕೋತಾನ್ರಿ" ಅಂತ ಮಾತು ಮುಗಿಸುತ್ತಾರೆ. ಅದಕ್ಕೇ ಈಗ ಬೇಡ ಅನ್ನುವುದಿಲ್ಲ. ಎಂಸಿಆರ್ (ಮೆತ್ತನೆ ರಬ್ಬರಿನ) ಚಪ್ಪಲಿ ಹಾಕಿ, ದಾರಿಯಲ್ಲಿ ಅನ್ನದಾಸೋಹದ ಪೆಂಡಾಲು ಸಿಕ್ಕಾಗೆಲ್ಲ ಜೊತೆಯವರಿಂದ ಅಂಗಾಲು ನೋಡಿಸಿ, ಗುಳ್ಳೆ ಎದ್ದರೆ ಅಲ್ಲಿಂದ ಬಸ್ ಹತ್ತಿ ಅನ್ನುತ್ತೇವೆ. ಕೆಲವರು ಕೇಳುತ್ತಾರೆ. ಕೇಳದವರಿಗಾಗಿ ಹಬ್ಬದ ಮಾರನೇ ವಾರ ಡ್ರೆಸ್ಸಿಂಗ್ ರೂಮಿಗೆ ಒಬ್ಬರನ್ನು ಹೆಚ್ಚಿಗೆ ಹಾಕುತ್ತೇನೆ.