ಚೀಲದ ಮರೆಯ ಮಣಿಕಟ್ಟು: ದಾವಣಗೆರೆ ಯಾರ್ಡಿನ ಹಮಾಲಿ ರೆಕಾರ್ಡಿಂಗ್, ಮೂರನೇ ಹಂತ

ಮೈಗೆ ಏನೂ ಅಂಟಿಸದೆ, ನಾಲ್ಕು ಮೊಬೈಲ್ ವಿಡಿಯೊಗಳಿಂದ ಮೆಕ್ಕೆಜೋಳದ 50 ಕೆ.ಜಿ. ಚೀಲ ಎತ್ತುವವರ ಸೊಂಟಕ್ಕೆ ಎಷ್ಟು ಅಪಾಯ ಎಂದು ಅಳೆಯುವ ಕೆಲಸ ಇದು. ಮೂರು ಆಯಾಮದ ಲೆಕ್ಕಕ್ಕೆ ಪೋಸ್‌ಟುಸಿಮ್ (ಹಲವು ವಿಡಿಯೊಗಳಿಂದ ಕೀಲುಗಳ ಜಾಗ ಹಿಡಿಯುವ ತಂತ್ರಾಂಶ), ಭಾರದ ಲೆಕ್ಕಕ್ಕೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ 1991ರ ಪರಿಷ್ಕೃತ ನಯೋಶ್ ಸೂತ್ರ.

ಕ್ಯಾಲಿಬ್ರೇಶನ್, ಅಂದರೆ ಚೌಕದ ಬೋರ್ಡು ತೋರಿಸಿ ಕ್ಯಾಮೆರಾಗಳ ಜಾಗ ಮತ್ತು ಅಳತೆ ಹೊಂದಿಸುವುದು, ಈಗ ಸ್ಥಿರವಾಗಿದೆ. ಹಿಂದಿನ ಚೆಸ್‌ಬೋರ್ಡ್ ಫ್ಲೆಕ್ಸ್‌ನದು, ಬಿಸಿಲಿಗೆ ಉಬ್ಬುತ್ತಿತ್ತು. ಈಗಿನದು ಸನ್‌ಬೋರ್ಡ್, ಅದರ ಬೆನ್ನಿಗೆ ಪ್ಲೈವುಡ್. ಫೈಲಿನಲ್ಲಿ 80 ಮಿ.ಮೀ. ಇದ್ದ ಚೌಕ ಪ್ರಿಂಟಿನಲ್ಲಿ 79.2 ಬಂತು. ಅಳೆದ ಅಂಕಿಯನ್ನೇ ಕಾನ್ಫಿಗ್‌ಗೆ ಹಾಕಬೇಕು, ಇಲ್ಲದಿದ್ದರೆ ಇಡೀ ಮನುಷ್ಯ ನೂರಕ್ಕೆ ಒಂದರಷ್ಟು ಹಿಗ್ಗುತ್ತಾನೆ. ಐದು ಮೀಟರ್ ದೂರಕ್ಕೆ 1080ಪಿ ವಿಡಿಯೊದ ಒಂದು ಪಿಕ್ಸೆಲ್ ಅಂದರೆ ಸುಮಾರು 3 ಮಿ.ಮೀ. ಹಾಗಾಗಿ ರೀಪ್ರೊಜೆಕ್ಷನ್ ದೋಷ (ಲೆಕ್ಕದ ಬಿಂದುವನ್ನು ಮತ್ತೆ ಚಿತ್ರದ ಮೇಲಿಟ್ಟಾಗ ಬರುವ ವ್ಯತ್ಯಾಸ) 3 ಪಿಕ್ಸೆಲ್ ದಾಟಿದರೆ ಬೋರ್ಡು ಮತ್ತೆ ನೆಲಕ್ಕಿಟ್ಟು ಕ್ಯಾಲಿಬ್ರೇಶನ್ ಮೊದಲಿನಿಂದ.

ಮೊಬೈಲ್‌ನಲ್ಲಿ ಸೆಕೆಂಡಿಗೆ 60 ಫ್ರೇಮ್, ಶಟರ್ 1/250, ಫೋಕಸ್ ಮತ್ತು ಎಕ್ಸ್‌ಪೋಶರ್ ಲಾಕ್. ಸ್ಟೆಬಿಲೈಸೇಶನ್ ಕಡ್ಡಾಯವಾಗಿ ಆಫ್: ಅದು ಚಿತ್ರದ ಅಂಚು ಕತ್ತರಿಸಿ ಜರುಗಿಸುವುದರಿಂದ ಕ್ಯಾಲಿಬ್ರೇಶನ್ ಅಲ್ಲೇ ಸತ್ತಿತು. 60 ಎಂದು ಬರೆದಿದ್ದರೂ ಮೊಬೈಲ್ ವೇಗ ಏರಿಳಿಸುತ್ತದೆ, ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್‌ನಲ್ಲಿ ಸ್ಥಿರ 60ಕ್ಕೆ ತಂದುಕೊಳ್ಳಬೇಕು. ಮೈಯ ಚಲನೆ ನೋಡಿ ನಾಲ್ಕು ವಿಡಿಯೊಗಳ ಕಾಲವನ್ನು ತಾನೇ ಹೊಂದಿಸುವ (ಸಿಂಕ್) ಆಯ್ಕೆ ಯಾರ್ಡಿನಲ್ಲಿ ಕೈಕೊಟ್ಟಿತು. ಫ್ರೇಮಿನಲ್ಲಿ ಆರೇಳು ಜನ ಓಡಾಡುತ್ತಿದ್ದರೆ ಅದು ಯಾರನ್ನು ಹಿಡಿಯಬೇಕು? ನಾಲ್ಕೂ ಕಡೆಗೆ ಕಾಣುವಂತೆ ಒಂದು ಟಾರ್ಚ್ ಹೊತ್ತಿಸಿ, ಆ ಫ್ರೇಮನ್ನು ಕೈಯಾರೆ ಹೊಂದಿಸಿದ್ದೇ ಸಾಕಾಯಿತು.

ಲುಂಗಿ ಮಂಡಿಯನ್ನು ಮರೆಸುತ್ತದೆ; ಎತ್ತಿ ಕಟ್ಟಿದರೆ ತಂತ್ರಾಂಶ ಗಂಟನ್ನೇ ಸೊಂಟದ ಕೀಲು ಎಂದುಕೊಂಡು ಬಿಂದುವಿನ ಜಾಗ ತಪ್ಪಿಸುತ್ತದೆ. ಚಡ್ಡಿ ಹಾಕಿದವರ ರೆಕಾರ್ಡಿಂಗ್ ಮಾತ್ರ ಉಳಿಸಿಕೊಂಡದ್ದು.

ನಿಜವಾದ ತಲೆನೋವು ಮಣಿಕಟ್ಟು. ನಯೋಶ್ ಸೂತ್ರದಲ್ಲಿ ಎರಡು ಕಣಕಾಲುಗಳ ನಡುಬಿಂದುವಿನಿಂದ ಎರಡು ಕೈಗಳ ನಡುಬಿಂದುವಿಗೆ ಇರುವ ಅಡ್ಡ ದೂರ, ಎಚ್, ಫಲಿತಾಂಶವನ್ನು ಎಲ್ಲಕ್ಕಿಂತ ಹೆಚ್ಚು ಅಲುಗಿಸುವ ಅಂಕಿ: 25 ಸೆಂ.ಮೀ.ಯನ್ನು ಅದರಿಂದ ಭಾಗಿಸುತ್ತಾರೆ. ಚೀಲ ನೆಲ ಬಿಡುವ ಕ್ಷಣದಲ್ಲೇ ಕೈ ಗೋಣಿಯ ಅಡಿಯಲ್ಲಿರುತ್ತದೆ. ಎರಡು ಕ್ಯಾಮೆರಾ ಕೈ ಕಾಣದೆ ಚೀಲದ ಕಿವಿಯನ್ನೇ ಮಣಿಕಟ್ಟು ಎಂದವು. ಎಚ್ 70 ಸೆಂ.ಮೀ. ಆಯಿತು. 63 ದಾಟಿದರೆ ಸೂತ್ರದ ಪ್ರಕಾರ ಎತ್ತಬಹುದಾದ ಭಾರ ಸೊನ್ನೆ, ಸ್ಕ್ರಿಪ್ಟು ಸೊನ್ನೆಯಿಂದ ಭಾಗಿಸಿ ಕೂತಿತು. ಪರಿಹಾರ: ಕಾನ್ಫಿಡೆನ್ಸ್ (ಬಿಂದು ಅಲ್ಲೇ ಇದೆ ಎಂಬ ತಂತ್ರಾಂಶದ ಭರವಸೆ) 0.5ಕ್ಕಿಂತ ಕಡಿಮೆ ಇದ್ದ ಕ್ಯಾಮೆರಾ ಬಿಡುವುದು, ಎರಡೇ ಉಳಿದರೂ ಸರಿ. ಮೊಣಕೈ–ಮಣಿಕಟ್ಟಿನ ಗೆರೆಯನ್ನು ಆ ವ್ಯಕ್ತಿಯ ಅಂಗೈ ಅಳತೆಯಷ್ಟು ಮುಂದಕ್ಕೆ ಎಳೆಯುವುದು, ಏಕೆಂದರೆ ಸೂತ್ರ ಕೇಳುವುದು ಬೆರಳಿನ ಗೆಣ್ಣನ್ನು, ಮಣಿಕಟ್ಟನ್ನಲ್ಲ. ಕೊನೆಗೆ ಬಿಂದುಗಳ ನಡುಕ ತೆಗೆಯಲು 6 ಹರ್ಟ್ಸ್ ಬಟರ್‌ವರ್ತ್ ಫಿಲ್ಟರ್. ಫಿಲ್ಟರನ್ನು ಮೊದಲೇ ಹಾಕಿದರೆ ತಪ್ಪು ಬಿಂದು ಅಕ್ಕಪಕ್ಕದ ಫ್ರೇಮುಗಳಿಗೂ ಹರಡುತ್ತದೆ.

ಒಂದು ಎತ್ತುವಿಕೆಯ ಲೆಕ್ಕ: ಎಚ್ 50, ಕೈಯ ಎತ್ತರ 20, ಒಟ್ಟು ಏರಿಕೆ 80 ಸೆಂ.ಮೀ., ಮೈ ತಿರುವು 30 ಡಿಗ್ರಿ, ನಿಮಿಷಕ್ಕೊಂದು ಚೀಲ, ಎಂಟು ಗಂಟೆ ದುಡಿಮೆ, ಹಿಡಿತ ಕಳಪೆ. ಸೂತ್ರ ಒಪ್ಪುವ ಭಾರ 23 ಕೆ.ಜಿ.ಯಿಂದ ಶುರುವಾಗಿ 5.1 ಕೆ.ಜಿ.ಗೆ ಇಳಿಯುತ್ತದೆ, ಅದರಿಂದ 50ನ್ನು ಭಾಗಿಸಿದರೆ ಅಪಾಯದ ಸೂಚ್ಯಂಕ 9.7. ಅದೇ ಚೀಲವನ್ನು 60 ಸೆಂ.ಮೀ. ಎತ್ತರಕ್ಕೆ ಕೈ ಬರುವಂತೆ ಹಲಗೆಯ ಮೇಲಿಟ್ಟು, ಎಚ್ 35ಕ್ಕೆ ಬಂದು, ತಿರುವು ಇಲ್ಲವಾದರೆ ಸೂಚ್ಯಂಕ 5.1. ಅರ್ಧಕ್ಕಿಳಿದರೂ ಕ್ಷೇಮದ 1ರ ಹತ್ತಿರವೂ ಇಲ್ಲ, ಚೀಲವೇ ಚಿಕ್ಕದಾಗಬೇಕು. ಎಚ್ 50 ಇದ್ದಾಗ ಅದರಲ್ಲಿ 3 ಸೆಂ.ಮೀ. ತಪ್ಪಿದರೂ ಫಲಿತಾಂಶ ನೂರಕ್ಕೆ ಆರರಷ್ಟೇ ಅಲುಗುತ್ತದೆ, ಆದ್ದರಿಂದ ಐದನೇ ಕ್ಯಾಮೆರಾಕ್ಕೆ ದುಡ್ಡು ಹಾಕುವ ಅಗತ್ಯ ಕಾಣುತ್ತಿಲ್ಲ.

ಇಬ್ಬರು ಎತ್ತಿ ಮೂರನೆಯವರ ಬೆನ್ನಿಗೆ ಹೊರಿಸುವ ದೃಶ್ಯಗಳು ಫೋಲ್ಡರಿನಲ್ಲೇ ಇವೆ. ಈ ಸೂತ್ರ ಜೋಡಿ ಎತ್ತುವಿಕೆಗೂ, ಹೊತ್ತು ನಡೆಯುವುದಕ್ಕೂ ಅಲ್ಲ. ಅದಕ್ಕೆ ಮೂಳೆ, ಸ್ನಾಯುಗಳ ಮೇಲಿನ ಬಲ ಲೆಕ್ಕ ಹಾಕುವ ತಂತ್ರಾಂಶವಾದ ಓಪನ್‌ಸಿಮ್‌ನ ಮಾದರಿಗೆ ಚೀಲದ ಭಾರ ಸೇರಿಸಬೇಕು. ಅದು ನಾಲ್ಕನೇ ಹಂತ.