ವೋಚರ್ ಇಲ್ಲದ ಕಲ್ಲು

ನಮ್ಮ ಮನೆಯ ದೇವರ ಕೋಣೆಯಲ್ಲಿ, ಶಂಖ ಜಾಗಟೆಗಳ ಪಕ್ಕದಲ್ಲಿ, ಕಪ್ಪು ಕಲ್ಲಿನ ಒಂದು ಕೊಡಲಿ ಇದೆ. ಕೊಡಲಿ ಎಂದರೆ ಕಾವಿಲ್ಲದ ಅಲಗು ಮಾತ್ರ; ಅಂಗೈಯಷ್ಟು ಉದ್ದ, ಒಂದು ತುದಿ ಮೊಂಡು, ಇನ್ನೊಂದು ತುದಿ ಬೆರಳಾಡಿಸಿದರೆ ಇಂದಿಗೂ ತಿಳಿಯುವಷ್ಟು ಹರಿತ. ಆಯುಧಪೂಜೆಯ ದಿನ ನನ್ನ ಹೆಂಡತಿ ಅದನ್ನು ತೊಳೆದು, ಮೆಟ್ಟುಕತ್ತಿ, ಹೆರೆಮಣೆ, ನನ್ನ ಸ್ಕೂಟರಿನ ಕೀಲಿಕೈಗಳ ಸಾಲಿನಲ್ಲಿಟ್ಟು ಕುಂಕುಮ ಹಚ್ಚುತ್ತಾಳೆ. ಎಲ್ಲಕ್ಕಿಂತ ಹಳೆಯ ಆಯುಧ ಇದೇ ಆದ್ದರಿಂದ ಮೊದಲ ಹೂವು ಇದಕ್ಕೇ ಸಲ್ಲಬೇಕು ಎಂಬುದು ಅವಳ ವಾದ. ವಾದವೇನೋ ಸರಿಯೇ. ಆದರೆ ಆ ಕಲ್ಲು ನಮ್ಮ ಮನೆಯಲ್ಲಿ ಇರುವುದು ಸರಿಯೇ ಎಂಬ ಪ್ರಶ್ನೆ ನನ್ನನ್ನು ಎರಡು ವರ್ಷಗಳಿಂದ ಕಾಡುತ್ತಿತ್ತು, ಮತ್ತು ಆ ಪ್ರಶ್ನೆ ಹುಟ್ಟಿದ್ದು ಇಲ್ಲಿಂದ ಬಹಳ ದೂರದ ಒಂದು ಜೋಳದ ಹೊಲದಲ್ಲಿ.

ಈ ದೀಪಾವಳಿಗೆ ನಮ್ಮ ಮೂವರು ಮಕ್ಕಳೂ ಉಡುಪಿಯ ಮನೆಯಲ್ಲಿ ಒಟ್ಟಾದರು. ಹೀಗಾದದ್ದು ಆರು ವರ್ಷಗಳ ನಂತರ. ಮಗಳು ಬೆಂಗಳೂರಿನಲ್ಲಿ ಲೆಕ್ಕಪರಿಶೋಧಕಿ. ದೊಡ್ಡ ಮಗ ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್ ಊರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಕಿರಿಯವನು ಸರಕು ಹಡಗಿನಲ್ಲಿ ಮೂರನೆಯ ಎಂಜಿನಿಯರ್. ಮೊದಲಿಬ್ಬರ ರಜೆಯನ್ನು ಹೇಗಾದರೂ ಹೊಂದಿಸಬಹುದು, ಆದರೆ ಕಿರಿಯವನು ಯಾವ ಬಂದರಿನಲ್ಲಿ ಎಂದು ಸೈನ್ ಆಫ್ ಆಗುತ್ತಾನೆ ಎಂಬುದು ಅವನಿಗೇ ಹತ್ತು ದಿನ ಮೊದಲು ತಿಳಿದರೆ ಹೆಚ್ಚು. ಹಾಗಾಗಿ ನೀರು ತುಂಬುವ ಸಂಜೆ ಬಚ್ಚಲಿನ ಹಂಡೆಗೆ ಹಿಂಡ್ಲೆ ಬಳ್ಳಿ ಸುತ್ತುತ್ತಿದ್ದಾಗ ಅವನು ಬ್ಯಾಗು ಹೊತ್ತು ಅಂಗಳಕ್ಕೆ ಕಾಲಿಟ್ಟದ್ದನ್ನು ಕಂಡು ನನ್ನ ಹೆಂಡತಿ ಬಳ್ಳಿಯನ್ನು ಅಲ್ಲೇ ಬಿಟ್ಟು ಓಡಿದಳು.

ಹಬ್ಬಕ್ಕೆ ಬಂದ ನೆಂಟರ ಮುಂದೆ ಮಕ್ಕಳ ಉದ್ಯೋಗದ ವಿಚಾರಣೆ ನಡೆಯುವುದು ಎಣ್ಣೆಸ್ನಾನದಷ್ಟೇ ಕಡ್ಡಾಯ. ಉದ್ದಿನ ದೋಸೆಯೂ ಸಿಹಿ ಅವಲಕ್ಕಿಯೂ ಎಲೆಗೆ ಬೀಳುವ ಮೊದಲೇ 'ಈಗ ಪೋಸ್ಟು ಯಾವುದು', 'ಪ್ಯಾಕೇಜು ಎಷ್ಟು', 'ಗ್ರೀನ್ ಕಾರ್ಡು ಆಯಿತಾ' ಎಂಬ ಪ್ರಶ್ನೆಗಳು ಬರುತ್ತವೆ. ಮಕ್ಕಳೂ ಅದಕ್ಕೆ ತಕ್ಕ ಉತ್ತರಗಳನ್ನು ಸಿದ್ಧಮಾಡಿಕೊಂಡೇ ಬಂದಿರುತ್ತಾರೆ: ಒಂದು ಹುದ್ದೆಯ ಹೆಸರು, ಒಂದು ನಗು. ಇದರಲ್ಲಿ ನೆಂಟರನ್ನು ಮಾತ್ರ ದೂರುವಂತಿಲ್ಲ. ರಾಷ್ಟ್ರೀಕೃತವಾದ ಬ್ಯಾಂಕುಗಳಲ್ಲಿ ನಾಲ್ಕು ನಮ್ಮ ಈ ಕರಾವಳಿಯಲ್ಲೇ ಹುಟ್ಟಿದವು. 1906ರಲ್ಲಿ ಎರಡು, 1925ರಲ್ಲಿ ಒಂದು, 1931ರಲ್ಲಿ ಮತ್ತೊಂದು. ನನ್ನ ತಲೆಮಾರಿನಲ್ಲಿ 'ಹುಡುಗ ಬ್ಯಾಂಕಿನಲ್ಲಿದ್ದಾನೆ' ಎಂದರೆ ಕೇಳುವವರಿಗೆ ಅವನ ಸಂಬಳ, ಸಾಲದ ಸೌಲಭ್ಯ, ವರ್ಗಾವಣೆ, ಪಿಂಚಣಿ ಎಲ್ಲವೂ ಒಂದೇ ಮಾತಿನಲ್ಲಿ ತಿಳಿಯುತ್ತಿತ್ತು. ಆ ನಾಲ್ಕರಲ್ಲಿ ಸ್ವಂತ ಹೆಸರಿನಲ್ಲಿ ಇಂದು ಉಳಿದಿರುವುದು ಕೆನರಾ ಬ್ಯಾಂಕ್ ಒಂದೇ. ಉಳಿದ ಮೂರು 2019 ಮತ್ತು 2020ರಲ್ಲಿ ಬೇರೆ ಬ್ಯಾಂಕುಗಳೊಳಗೆ ಸೇರಿಹೋದವು. ನಾನೂ ಬ್ಯಾಂಕಿನ ನೌಕರನೇ ಆಗಿದ್ದುದರಿಂದ, ಒಂದು ಪದದಲ್ಲಿ ಮುಗಿಯುವ ಉದ್ಯೋಗವೇ ಉದ್ಯೋಗ ಎಂಬ ಅಭ್ಯಾಸ ನನ್ನನ್ನೂ ಬಿಟ್ಟಿರಲಿಲ್ಲ.

2023ರಲ್ಲಿ ನಾವಿಬ್ಬರೂ ದೊಡ್ಡ ಮಗನ ಮನೆಗೆ ಹೋಗಿ ಐದು ತಿಂಗಳು ಇದ್ದೆವು. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಲ್ಲಿಯವರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ದೇಶದ ಮೂಲೆಮೂಲೆಯಲ್ಲಿ ಚದುರಿರುವ ಮಕ್ಕಳು ಅಂದು ಹೆತ್ತವರ ಮನೆಗೆ ಊಟಕ್ಕೆ ಬರುತ್ತಾರೆ. ಮಗನ ಸಹೋದ್ಯೋಗಿಯೊಬ್ಬರು ನಮ್ಮನ್ನೂ ತಮ್ಮ ತಂದೆಯ ತೋಟದ ಮನೆಗೆ ಕರೆದೊಯ್ದರು. ಮೇಜಿನ ನಡುವೆ ಟರ್ಕಿ ಕೋಳಿ. ನಮ್ಮ ಪಾಲಿಗೆ ಕಿವುಚಿದ ಆಲೂಗಡ್ಡೆ, ಬೇಯಿಸಿದ ಬೀನ್ಸ್, ಮತ್ತು ನನ್ನ ಹೆಂಡತಿ ಡಬ್ಬಿಯಲ್ಲಿ ತುಂಬಿಸಿಕೊಂಡು ಹೋಗಿದ್ದ ಚಿತ್ರಾನ್ನ. ಅಲ್ಲಿಯೂ ವಿಚಾರಣೆ ನಡೆಯಿತು. ಎಂಬತ್ತರ ಸಮೀಪದ ಆ ರೈತರು ತಮ್ಮ ಮೂವರು ಮಕ್ಕಳನ್ನು ಪರಿಚಯಿಸುತ್ತ, ಇವರು ಮಾಡುವ ಕೆಲಸಗಳಲ್ಲಿ ಒಂದೂ ನನಗೆ ಅರ್ಥವಾಗುವುದಿಲ್ಲ ಎಂದು ಸಂಕೋಚವಿಲ್ಲದೆ ಹೇಳಿದರು. ಮಕ್ಕಳು ನಕ್ಕರು. ನಾನು ನಗಲಿಲ್ಲ.

ಊಟವಾದ ಮೇಲೆ ಅವರು ಬೂಟು ಹಾಕಿಕೊಂಡು, ಒಂದು ಕೋಲು ಹಿಡಿದು, ಬರುವವರು ಬನ್ನಿ ಎಂದು ಹೊರಟರು. ಮಗ ಆಗಲೇ ಬಾಗಿಲಲ್ಲಿ ನಿಂತಿದ್ದ. ಬಾಣದ ಮೊನೆಗಳನ್ನು ಹುಡುಕುವುದು ಅವರ ಐವತ್ತು ವರ್ಷಗಳ ಹವ್ಯಾಸ, ಮತ್ತು ನನ್ನ ಮಗ ಒಂದು ವರ್ಷದಿಂದ ಅವರ ಜೊತೆಗಾರ. ಇದು ನನಗೆ ತಿಳಿದದ್ದು ಆಗ. ಉತ್ತ ಹೊಲದ ಮೇಲೆ ಒಂದು ಒಳ್ಳೆಯ ಮಳೆ ಬಿದ್ದ ನಂತರ ಹುಡುಕಬೇಕು. ಮಣ್ಣು ಇಳಿದು, ಚಕಮಕಿ ಕಲ್ಲು ಮಾತ್ರ ತೊಳೆದಿಟ್ಟಂತೆ ಮೇಲೆ ಉಳಿಯುತ್ತದೆ. ಬಿಸಿಲು ಓರೆಯಾಗಿರುವಾಗ ಸೂರ್ಯನಿಗೆ ಎದುರಾಗಿ ನಡೆದರೆ ಅದರ ಹೊಳಪು ಕಣ್ಣಿಗೆ ಬೀಳುತ್ತದೆ. ನೆಲವನ್ನು ಅಗೆಯಬಾರದು, ಕೋಲಿನ ತುದಿಯಿಂದ ಮಗುಚಿ ನೋಡಿದರೆ ಸಾಕು. ಆ ಸೀಮೆಯಲ್ಲಿ ಫ್ಲಿಂಟ್ ರಿಜ್ ಎಂಬ ಉದ್ದನೆಯ ದಿಬ್ಬವಿದೆ. ಅಲ್ಲಿಯ ಕಲ್ಲು ಬಿಳಿ, ಗುಲಾಬಿ, ನೀಲಿ ಬಣ್ಣಗಳಲ್ಲಿ ಸಿಗುತ್ತದೆ. ಹಿಂದಿನವರು ತೋಡಿದ ಹೊಂಡಗಳು ಕಾಡಿನೊಳಗೆ ಇಂದಿಗೂ ಕಾಣುತ್ತವೆ. ಹತ್ತಿರದ ನ್ಯೂಆರ್ಕ್ ಊರಿನಲ್ಲಿರುವ ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯ ಮಣ್ಣಿನ ಕಟ್ಟೆಗಳು ನಾವು ಹೋಗುವ ಎರಡು ತಿಂಗಳ ಮೊದಲಷ್ಟೇ ಯುನೆಸ್ಕೋ ಪಟ್ಟಿಗೆ ಸೇರಿದ್ದವು, ಹಾಗಾಗಿ ಅವರ ಮಾತಿನಲ್ಲಿ ಆ ಹೆಮ್ಮೆಯೂ ಇತ್ತು.

ಒಂದು ಗಂಟೆ ನಡೆದ ಮೇಲೆ ಮಗನಿಗೆ ಒಂದು ಸಿಕ್ಕಿತು. ಹೆಬ್ಬೆರಳಿನ ಉದ್ದ, ಬುಡದಲ್ಲಿ ಎರಡೂ ಕಡೆ ಕಚ್ಚು, ಮುರಿದ ತುದಿ. ಚಕಮಕಿ ಕಲ್ಲು ಗಾಜಿನ ಹಾಗೆ ಒಡೆಯುತ್ತದೆ. ಚಕ್ಕೆ ಎದ್ದ ಜಾಗ ಮರುವಾಯಿ ಚಿಪ್ಪಿನ ಒಳಮೈಯಂತೆ ತಗ್ಗಾಗಿರುತ್ತದೆ, ಮತ್ತು ಅಂಚಿನುದ್ದಕ್ಕೂ ಜಿಂಕೆಯ ಕೊಂಬಿನ ತುದಿಯಿಂದ ಒತ್ತಿ ತೆಗೆದ ಪುಟ್ಟ ಪುಟ್ಟ ತಗ್ಗುಗಳ ಸಾಲು ಉಗುರಿಗೆ ಸಿಗುತ್ತದೆ. ಇದು ಬಾಣದ್ದೇ ಅಲ್ಲ ಎಂದು ಆ ಹಿರಿಯರು ವಿವರಿಸಿದರು. ಜನ ಬಾಣದ ಮೊನೆ ಎಂದು ಕರೆಯುವುದರಲ್ಲಿ ಹೆಚ್ಚಿನವು ಕೊಕ್ಕೆಯ ಕೋಲಿನಿಂದ ಎಸೆಯುತ್ತಿದ್ದ ಈಟಿಗಳ ಮೊನೆಗಳು. ಆ ಕಡೆಗೆ ಬಿಲ್ಲು ಬಂದದ್ದೇ ಸುಮಾರು ಒಂದೂವರೆ ಸಾವಿರ ವರ್ಷಗಳ ಈಚೆಗೆ, ಮತ್ತು ನಿಜವಾದ ಬಾಣದ ಮೊನೆ ಹುಣಿಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದಿರುತ್ತದೆ ಅಷ್ಟೆ. ಹುಣಿಸೆ ಬೀಜದ ಹೋಲಿಕೆ ನನ್ನದು, ಅವರು ಬೇರೇನೋ ಹೇಳಿದ್ದರು.

ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಮನೆಗೆ ಮರಳಿದ ಮೇಲೆ ಅವರು ತೋರಿಸಿದ ಪುಸ್ತಕ. ಗಾಜಿನ ಪೆಟ್ಟಿಗೆಯಲ್ಲಿದ್ದ ಪ್ರತಿಯೊಂದು ಕಲ್ಲಿನ ಬೆನ್ನಿಗೂ ಕಪ್ಪು ಶಾಯಿಯಲ್ಲಿ ಇರುವೆಯಷ್ಟು ಚಿಕ್ಕ ಅಂಕೆ. ಆ ಅಂಕೆಗೆ ಸರಿಯಾಗಿ ಪುಸ್ತಕದಲ್ಲಿ ತಾರೀಕು, ಹೊಲದ ಯಾವ ಮೂಲೆ, ತೊರೆಯಿಂದ ಎಷ್ಟು ಹೆಜ್ಜೆ. ತಮ್ಮ ಸ್ವಂತ ಹೊಲ ಮತ್ತು ಒಪ್ಪಿಗೆ ಕೊಟ್ಟ ನೆರೆಯವರ ಹೊಲ ಬಿಟ್ಟು ಬೇರೆಲ್ಲೂ ಅವರು ಹುಡುಕುವುದಿಲ್ಲ. ಕೇಂದ್ರ ಸರಕಾರದ ಭೂಮಿಯಿಂದ ಇಂತಹವನ್ನು ಎತ್ತುವುದನ್ನು 1979ರ ಕಾನೂನು ತಡೆಯುತ್ತದೆ. ಎಲ್ಲಿ ಸಿಕ್ಕಿತು ಎಂಬುದು ತಪ್ಪಿಹೋದರೆ ಉಳಿಯುವುದು ಚಂದದ ಕಲ್ಲು ಮಾತ್ರ ಎಂದರು ಅವರು. ಮೂವತ್ತಾರು ವರ್ಷ ಲೆಡ್ಜರ್ ನೋಡಿದ ನನಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ನಮ್ಮ ದೇವರ ಕೋಣೆಯಲ್ಲಿರುವುದು ವೋಚರ್ ಇಲ್ಲದ ಎಂಟ್ರಿ.

ಆ ಕೊಡಲಿ ನನ್ನ ಕೈ ಸೇರಿದ್ದು ಬಳ್ಳಾರಿಗೆ ವರ್ಗವಾಗಿದ್ದ ಕಾಲದಲ್ಲಿ, 1987ರ ಸುಮಾರಿಗೆ. ಭಾನುವಾರ ಬೆಳಿಗ್ಗೆ ಸಂಗನಕಲ್ಲಿನ ಬೆಟ್ಟಗಳ ಕಡೆಗೆ ಸೈಕಲ್ ತುಳಿಯುತ್ತಿದ್ದೆ. ಅಲ್ಲಿಯ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನ ಡೋಲರೈಟ್ ಎಂಬ ಕಪ್ಪು ಕಲ್ಲನ್ನು ಒಡೆದು, ಬಂಡೆಗಳ ಮೇಲೆ ಉಜ್ಜಿ, ರಾಶಿಗಟ್ಟಲೆ ಕೊಡಲಿಗಳನ್ನು ತಯಾರಿಸುತ್ತಿದ್ದರು. ಉಜ್ಜಿದ ಜಾಗದ ನುಣುಪಾದ ಗುಳಿಗಳು ಬಂಡೆಗಳ ಮೇಲೆ ಇಂದಿಗೂ ಇವೆ. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಭಾರತದ ಮೊದಲ ಹಳೆ ಶಿಲಾಯುಗದ ಆಯುಧವನ್ನು ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮುಂದೆ ಓಡಾಡಿದ ಸೀಮೆಯೂ ಅದೇ. ನಾನು ಅದನ್ನು ಒಂದು ಹೊಲದ ಬದುವಿನಿಂದ ಎತ್ತಿಕೊಂಡೆ, ಶಾಖೆಯ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಂಡೆ, ನಿವೃತ್ತಿಯಾದಾಗ ಮನೆಗೆ ತಂದೆ. ಯಾವ ಬದು, ಯಾವ ಬೆಟ್ಟದ ಯಾವ ದಿಕ್ಕು ಎಂಬುದು ಈಗ ನೆನಪಿಲ್ಲ.

ಓಹಾಯೋದ ಆ ಹೊಲದಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ತಲೆ ತಗ್ಗಿಸಿ ಪಕ್ಕಪಕ್ಕದಲ್ಲಿ ನಡೆಯುತ್ತಿದ್ದಾಗ ಮಗ, ನಾನು ಕೇಳದೆಯೇ, ಹಿಂದಿನ ವರ್ಷ ತನ್ನ ತಂಡದ ಅರ್ಧದಷ್ಟು ಜನರನ್ನು ಒಂದೇ ಬೆಳಿಗ್ಗೆ ಕೆಲಸದಿಂದ ತೆಗೆದದ್ದನ್ನು ಹೇಳಿದ. ಶನಿವಾರಗಳಂದು ಮನೆಯಲ್ಲಿ ಕುಳಿತರೆ ಕಂಪ್ಯೂಟರ್ ತೆರೆದು ಮೇಲ್ ನೋಡುವ ಭಯ; ಅದಕ್ಕಾಗಿ ಹೊಲಕ್ಕೆ ಬರಲು ಶುರುಮಾಡಿದೆ ಎಂದ. ಪ್ರತಿ ವಾರ ಫೋನಿನಲ್ಲಿ 'ಕೆಲಸ ಹೇಗಿದೆ' ಎಂದು ಕೇಳಿ 'ಚೆನ್ನಾಗಿದೆ ಅಪ್ಪ' ಎಂಬ ಉತ್ತರ ಪಡೆದು ತೃಪ್ತನಾಗಿದ್ದವನು ನಾನು.

ಆದ್ದರಿಂದ ಈ ದೀಪಾವಳಿಯ ಪಾಡ್ಯದ ಬೆಳಿಗ್ಗೆ, ನೆಂಟರು ಬರುವ ಮೊದಲೇ, ಮೂವರು ಮಕ್ಕಳನ್ನೂ ಎಂಟು ವರ್ಷದ ಮೊಮ್ಮಗನನ್ನೂ ಕರೆದುಕೊಂಡು ಮನೆಯ ಕೆಳಗಿನ ಬೈಲಿಗೆ ಇಳಿದೆ. ಏಣೇಲು ಪೈರಿನ ಕೊಯ್ಲು ಮುಗಿದಿತ್ತು, ಹಿಂದಿನ ಸಂಜೆ ಗುಡುಗಿನ ಮಳೆ ಬಂದಿತ್ತು. ನಮ್ಮ ಮುರಕಲ್ಲಿನ ನೆಲದಲ್ಲಿ ಓಹಾಯೋದ ಚಕಮಕಿ ಕಲ್ಲನ್ನು ಹುಡುಕುವುದು ಹಲಸಿನ ಮರದಲ್ಲಿ ಸೇಬು ಹುಡುಕಿದಂತೆ ಎಂದು ನನಗೂ ಮಗನಿಗೂ ಗೊತ್ತಿತ್ತು, ಮೊಮ್ಮಗನಿಗೆ ಮಾತ್ರ ಗೊತ್ತಿರಲಿಲ್ಲ. ಐದು ಜನ ಸಾಲಾಗಿ ನೆಲ ನೋಡುತ್ತ ನಡೆಯುವುದನ್ನು ಕಂಡ ನೆರೆಮನೆಯವರು ಹುಣಿಯ ಮೇಲೆ ನಿಂತು, "ಎಂತ ಕಳೆದದ್ದು ಮಾರಾಯ್ರೆ, ಚಿನ್ನವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾವೂ ಹುಡುಕತೊಡಗಿದರು.

ಆ ಒಂದೂವರೆ ಗಂಟೆಯಲ್ಲಿ ನಾನು ಕೇಳಿಸಿಕೊಂಡದ್ದು ಬಹಳ. ಲೆಕ್ಕಪರಿಶೋಧನೆ ಎಂದರೆ ಏಸಿ ಕೋಣೆ ಎಂದುಕೊಂಡಿದ್ದೆ. ಮಗಳು ಗೋದಾಮಿನಲ್ಲಿ ದೂಳಿನ ನಡುವೆ ಏಣಿ ಹತ್ತಿ ಮೂಟೆ ಎಣಿಸುತ್ತಾಳೆ, ಮತ್ತು ಕಳೆದ ಮಾರ್ಚಿನಲ್ಲಿ ಎಣಿಕೆ ಹೊಂದದ ಒಂದು ಲೆಕ್ಕಕ್ಕೆ ಸಹಿ ಹಾಕಲು ಒಪ್ಪದೆ ಹಳೆಯ ಗಿರಾಕಿಯೊಬ್ಬರನ್ನು ಕಳೆದುಕೊಂಡಳು. ಹಡಗಿನ ಜನರೇಟರುಗಳು ಕಿರಿಯವನ ಪಾಲಿನ ಹೊಣೆ. ನಿದ್ದೆಯಲ್ಲಿಯೂ ಅವುಗಳ ಸದ್ದು ಒಂದಿಷ್ಟು ಬದಲಾದರೆ ಎಚ್ಚರವಾಗುತ್ತದೆಯಂತೆ, ಮನೆಗೆ ಬಂದ ಮೊದಲ ವಾರ ಆ ಸದ್ದು ಇಲ್ಲದ್ದಕ್ಕೇ ಎಚ್ಚರವಾಗುತ್ತದೆಯಂತೆ. ಇನ್ನು ಎರಡು ಪ್ರಯಾಣಗಳ ನಂತರ ದಡದ ಕೆಲಸ ಹುಡುಕುವ ಯೋಚನೆ ಇದೆ ಎಂದು ಅಕ್ಕನಿಗೆ ಹೇಳುತ್ತಿದ್ದ. ನನಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳುತ್ತಿದ್ದ ಎಂದು ನನ್ನ ಊಹೆ. ನಾನು ಬಾಯಿ ಹಾಕಲಿಲ್ಲ, ಅದು ನನಗೆ ಸುಲಭವೂ ಆಗಲಿಲ್ಲ.

ಸಿಕ್ಕಿದ್ದು ಒಂದು ಹಂಚಿನ ಚೂರು. ಕೆಸರು ಒರೆಸಿದಾಗ ಬಾಸೆಲ್ ಎಂಬ ಹೆಸರಿನ ಮೊದಲ ಮೂರು ಇಂಗ್ಲಿಷ್ ಅಕ್ಷರಗಳು ಉಬ್ಬಾಗಿ ಕಂಡವು. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ನಮ್ಮ ಅಜ್ಜನ ಕಾಲದಲ್ಲಿ ಹುಲ್ಲಿನ ಮಾಡು ತೆಗೆದು ಹಂಚು ಹೊದಿಸಿದ ಕತೆಯನ್ನು ಮಕ್ಕಳು ಮೊದಲ ಬಾರಿಗೆ ಕೇಳಿದರು, ಏಕೆಂದರೆ ಮೊದಲ ಬಾರಿಗೆ ಕೇಳಬೇಕೆನಿಸಿತ್ತು.

ಸಂಜೆ ಬಲೀಂದ್ರನಿಗೆ ದೀಪ ಇಟ್ಟಾದ ಮೇಲೆ ಕೊಡಲಿಯ ವಿಷಯ ತೆಗೆದೆ. ದೊಡ್ಡ ಮಗನಿಗೆ ಅದರ ಮೇಲೆ ಆಸೆ ಇತ್ತು. 1972ರ ಕಾಯಿದೆಯ ಪ್ರಕಾರ ನೂರು ವರ್ಷ ಮೀರಿದ ಪ್ರಾಚ್ಯವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ ಎಂದು ನಾನು ಹೇಳುವ ಮೊದಲು ಅವನೇ ಹೇಳಿದ. ಬಳ್ಳಾರಿಯಲ್ಲಿ ಈಗ ಫೂಟ್ ಹೆಸರಿನಲ್ಲೇ ಸಂಗನಕಲ್ಲಿನ ವಸ್ತುಗಳ ಸಂಗ್ರಹಾಲಯವಿದೆ. ಡಿಸೆಂಬರಿನಲ್ಲಿ ಹೋಗಿ ಒಪ್ಪಿಸಿ ಬರುವುದು ಎಂದು ತೀರ್ಮಾನವಾಯಿತು. ಮುಂದಿನ ಆಯುಧಪೂಜೆಗೆ ಮೊದಲ ಹೂವು ಯಾವುದಕ್ಕೆ ಎಂದು ಹೆಂಡತಿ ಕೇಳಿದಳು. ಹೆರೆಮಣೆಗೆ ಎಂದು ಮಗಳು.

ಮೊಮ್ಮಗ ಅಷ್ಟರಲ್ಲಿ ನನ್ನ ಹಳೆಯ ಡೈರಿಯೊಂದನ್ನು ಹಿಡಿದು ಕುಳಿತಿದ್ದ. ಹಂಚಿನ ಚೂರಿನ ಬೆನ್ನಿಗೆ ಶಾಯಿಯಲ್ಲಿ ಒಂದು ಎಂದು ಬರೆದು, ಡೈರಿಯಲ್ಲಿ ಇಂಗ್ಲಿಷಿನಲ್ಲಿ ದಾಖಲಿಸಿದ್ದ: 'ಒಂದು, ಹಂಚು, 22 ಅಕ್ಟೋಬರ್ 2025, ಅಜ್ಜನ ಗದ್ದೆ, ಬಾವಿಯಿಂದ ನಲವತ್ತೆರಡು ಹೆಜ್ಜೆ.' ಅದರ ಕೆಳಗೆ, ನನ್ನನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡ ನಂತರ, ಇನ್ನೊಂದು ಸಾಲು: 'ಎರಡು, ಕೊಡಲಿ, ಬಳ್ಳಾರಿ, ಎಲ್ಲಿ ಎಂದು ಅಜ್ಜನಿಗೆ ಮರೆತಿದೆ.'